ಕೋಳಿಯಂಗಳದ ಕೆಸರು, ಒಂದು ಸೀಸೆ ನೀಲಿ

ಲಾಂಡ್ರಿಯಮ್ಮನಿಗೆ ಮಂಡಿನೋವಿತ್ತು, ಬೆನ್ನುನೋವಿತ್ತು, ಸೋಪಿನ ನೀರಿನಲ್ಲಿ ನೆನೆದು ನೆನೆದು ಬೆರಳ ಸಂದಿಗಳೆಲ್ಲ ಬಿರಿದಿದ್ದವು. ಇಲ್ಲದ ಕಾಯಿಲೆ ಎಂದರೆ ಮರೆವು ಒಂದೇ. ಮದುವೆಯ ದಿನ ತನ್ನ ಸೀರೆ ನೋಡಿ ಮೂತಿ ತಿರುವಿದವರು ಯಾರು, ಮಗಳು ಹುಟ್ಟಿದಾಗ ನೋಡಲು ಬಾರದವರು ಯಾರು, ಬಂದೂ ಬಾಗಿಲಲ್ಲೇ ನಿಂತು ಹೋದವರು ಯಾರು, ಎಲ್ಲವನ್ನೂ ಇಪ್ಪತ್ತೆರಡು ವರ್ಷದ ಮೇಲೂ ನಿನ್ನೆ ನಡೆದದ್ದು ಎಂಬಂತೆ ಹೇಳಬಲ್ಲವಳು. ಹಾಗೆಂದು ಬಾಯಿಬಡುಕಿಯಲ್ಲ. ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಸಮಯ ನೋಡಿ ಹೊರಗೆ ತೆಗೆಯುತ್ತಿದ್ದಳು.

ಆಕೆಯ ಕೆಲಸ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ. ಆರು ದೊಡ್ಡ ಯಂತ್ರಗಳು, ಆವಿ, ಒದ್ದೆ ಹಾಸುಗಳ ರಾಶಿ. ಅಲ್ಲಿ ಅವಳಿಗೆ ಎರಡು ಹೆಗ್ಗಳಿಕೆ. ಒಂದು, ಮೂಸಿ ನೋಡಿಯೇ ಈ ಹಾಸು ಹೆರಿಗೆ ವಾರ್ಡಿನದೋ ಮೂಳೆ ವಾರ್ಡಿನದೋ ಹೇಳುತ್ತಿದ್ದಳು. ಇನ್ನೊಂದು, ಕೊನೆಯ ನೀರಿಗೆ ನೀಲಿ ಹಾಕುವುದು ಅವಳೊಬ್ಬಳೇ. ಹೊಸಬರು ಹಾಕಿದರೆ ಹಾಸುಗಳ ಮೇಲೆ ಮೋಡದ ಕಲೆ ಬೀಳುತ್ತಿತ್ತು. ಅವಳು ಹಾಕಿದರೆ ಬೆಳ್ಳಗೆ ಹೊಳೆಯುತ್ತಿದ್ದವು. ಮೇಲ್ವಿಚಾರಕ ಕೂಡ ಅವಳನ್ನು "ಅಮ್ಮಾ" ಎಂದೇ ಕರೆಯುತ್ತಿದ್ದ. ಅಷ್ಟು ಮರ್ಯಾದೆ ಮನೆಯಲ್ಲಿ ಸಿಕ್ಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮನೆ ಒಂದೇ ಇದ್ದದ್ದು ಎರಡಾಗಿ ಏಳು ವರ್ಷ. ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿಕೊಂಡು, ಹಿತ್ತಲನ್ನೂ ಸೀಳಿಕೊಂಡರು. ಮೇಲಿನ ಅರ್ಧ ಅಣ್ಣನಿಗೆ, ತಗ್ಗಿನ ಅರ್ಧ ತಮ್ಮನಿಗೆ. ಅಣ್ಣ ಲಾರಿ ಓಡಿಸುವವನು. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮೇಲಿನ ಮನೆ ಎಂದರೆ ಓರಗಿತ್ತಿಯ ಮನೆ. ಲಾಂಡ್ರಿಯಮ್ಮನ ಗಂಡ ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಒಳ್ಳೆಯ ಮನುಷ್ಯ. ಎಷ್ಟು ಒಳ್ಳೆಯವನೆಂದರೆ, ಯಾರಿಗೂ ಬೇಸರವಾಗುವ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಈ ಒಳ್ಳೆಯತನವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಗೋಡೆ ಎದ್ದ ಮರುವರ್ಷ ಲಾಂಡ್ರಿಯಮ್ಮ ಕೋಳಿ ತಂದಳು. ಹಿತ್ತಲ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ತಗಡಿನ ಗೂಡು, ಅದರ ಮುಂದೆ ಜಾಲರಿ ಕಟ್ಟಿದ ಅಂಗಳ. ಏಳು ಹೇಂಟೆ, ಒಂದು ಹುಂಜ. ಹೇಂಟೆಗಳಿಗೆ ಆಸ್ಪತ್ರೆಯವರದೇ ಹೆಸರು. ಎದೆಯುಬ್ಬಿಸಿ ಎಲ್ಲರನ್ನೂ ಕುಕ್ಕಿ ಸಾಲಾಗಿ ನಿಲ್ಲಿಸುವ ದಪ್ಪ ಬಿಳಿಯದು ಮೇಟ್ರನ್. ಕರೆದರೆ ತಿರುಗಿಯೂ ನೋಡದ ಕಂದು ಬಣ್ಣದ್ದು ಡಾಕ್ಟರಮ್ಮ. ಹುಂಜಕ್ಕೆ ಹೆಸರಿಲ್ಲ, ಕೂಗುವುದು ಬಿಟ್ಟು ಬೇರೆ ಕೆಲಸ ಮಾಡದವನಿಗೆ ಹೆಸರು ದಂಡ ಎಂದು ಅವಳ ಅಭಿಪ್ರಾಯ. ಬೆಳಗಿನ ಪಾಳಿಗೆ ಹೋಗುವ ಮುಂಚೆ ಕಾಳು ಹಾಕಿ, ಬಂದ ಮೇಲೆ ಮೇಟ್ರನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ದಿನ ಯಾರು ಯಾರು ತನಗೆ ಏನೇನಂದರು ಎಂದು ಒಪ್ಪಿಸುತ್ತಿದ್ದಳು. ಮೇಟ್ರನ್ ಕತ್ತು ವಾರೆ ಮಾಡಿ ಎಲ್ಲ ಕೇಳುತ್ತಿತ್ತು. ಗಂಡನಿಗಿಂತ ಅದು ವಾಸಿ ಎಂದು ಲಾಂಡ್ರಿಯಮ್ಮ ಗಂಡನೆದುರೇ ಹೇಳುತ್ತಿದ್ದಳು.

ಎರಡು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಓರಗಿತ್ತಿ ತನ್ನ ಹಿತ್ತಲಿಗೆ ಸಿಮೆಂಟು ಹಾಕಿಸಿದಳು. ಗೋಡೆಯಂಚಿನಲ್ಲಿದ್ದ ಸೀಬೆಮರದ ಬುಡಕ್ಕೆ ಮಾತ್ರ ಒಂದು ಚೌಕ ಮಣ್ಣು ಬಿಟ್ಟು, ಉಳಿದದ್ದೆಲ್ಲ ನುಣ್ಣಗೆ. ಅದೇ ವರ್ಷ ಕೋಳಿಯಂಗಳದಲ್ಲಿ ಕೆಸರು ಎದ್ದಿತು.

ಮಳೆಗಾಲದ ಕೆಸರಾದರೆ ಯಾರೂ ಕೇಳುತ್ತಿರಲಿಲ್ಲ. ಈ ಕೆಸರಿಗೆ ಕಾಲವೇ ಇರಲಿಲ್ಲ. ಬಿಸಿಲು ಸುಡುವ ದಿನವೂ ಗೋಡೆಯ ಮೂಲೆಯಲ್ಲಿ ಮಂಚದಗಲದ ಜಾಗ ಪಿಚಿಪಿಚಿ ಎನ್ನುತ್ತಿತ್ತು. ಕೋಳಿಗಳು ಅದನ್ನು ಕೆದರಿ ಕೆದರಿ ಅಂಗಳವನ್ನೆಲ್ಲ ರಾಡಿ ಮಾಡಿದವು. ಹಿಕ್ಕೆ ಬೆರೆತು ಅದರ ನಾತ ಅಡುಗೆಮನೆಯವರೆಗೂ ಬಂತು. ಮೊಟ್ಟೆಗಳ ಮೇಲೆ ಮಣ್ಣಿನ ಹೆಪ್ಪು. ಲಾಂಡ್ರಿಯಮ್ಮ ಗೋಡೆ ನೋಡಿದಳು, ಗೋಡೆಯಾಚೆ ಬಟ್ಟೆ ಕುಕ್ಕುವ ಸದ್ದು ಕೇಳಿದಳು, ತೀರ್ಪು ಕೊಟ್ಟಳು.

"ನೋಡಿದ್ರಾ? ಸಿಮೆಂಟು ಹಾಕಿಸಿ, ಗೋಡೆ ಬುಡದಲ್ಲಿ ತೂತು ಕೊರೆಸಿದಾಳೆ. ಅವಳ ಬಟ್ಟೆ ಒಗೆದ ಕೊಳೆನೀರೆಲ್ಲ ನನ್ನ ಕೋಳಿಗಳ ಕಾಲ ಕೆಳಗೆ!"

"ತೂತು ಎಲ್ಲೂ ಕಾಣಲ್ವಲ್ಲೇ," ಎಂದ ಗಂಡ, ನೆಲ ನೋಡುತ್ತ.

"ಕಾಣೋ ಹಾಗೆ ಕೊರೀತಾರಾ? ಮಣ್ಣೊಳಗೆ ಕೊರೆಸಿದಾಳೆ. ನೀವು ಸುಮ್ಮನಿರಿ, ನಿಮ್ಮ ಅತ್ತಿಗೆ ಅಂದ್ರೆ ನಿಮಗೆ ಬಾಯಿಗೆ ಬೀಗ."

ಗಂಡ ಸುಮ್ಮನಾದ. ಅದರಲ್ಲಿ ಅವನದು ಎತ್ತಿದ ಕೈ.

ಗೋಡೆಯ ಮೇಲಿಂದ ಒಂದು ಸುತ್ತು ಮಾತಾಯಿತು. "ತೂತೂ ಇಲ್ಲ ಗೀತೂ ಇಲ್ಲ, ಬಂದು ನೋಡ್ಕೊ," ಎಂದಳು ಓರಗಿತ್ತಿ. "ನಿನ್ನ ಮನೆ ಹೊಸಲು ತುಳಿಯೋಕೆ ನನಗೇನು ಗ್ರಹಚಾರ?" ಎಂದಳು ಇವಳು. ಅಲ್ಲಿಗೆ ಇಬ್ಬರ ಮಾತೂ ನಿಂತಿತು. ಒಂದೇ ಒಂದು ಸಲ ಹೋಗಿ ನೋಡಿದ್ದರೆ ಸಾಕಿತ್ತು. ಆದರೆ ಸಿಟ್ಟಿಗೆ ಸಾಕ್ಷಿ ಬೇಕಿರಲಿಲ್ಲ, ಸೊಕ್ಕು ಸಾಕಾಗಿತ್ತು.

ಕೆಸರಿನೊಡನೆ ಅವಳು ನಡೆಸಿದ ಯುದ್ಧವನ್ನು ಮೆಚ್ಚಲೇಬೇಕು. ಮೊದಲು ಬೂದಿ ಚೆಲ್ಲಿದಳು. ಅದು ಹಿಟ್ಟಿನಂತೆ ಕಲಸಿಹೋಯಿತು. ಮರಳು ತಂದು ಸುರಿದಳು. ಎರಡು ವಾರದಲ್ಲಿ ಕೆಸರು ಅದನ್ನು ನುಂಗಿ ಕೂತಿತು. ಹುಲ್ಲು ಹಾಸಿದಳು, ಕೊಳೆತು ಹುಳ ಬಿತ್ತು. ಕೋಳಿಗಳಿಗೆ ಹಬ್ಬ, ಅವಳಿಗೆ ಇನ್ನಷ್ಟು ನಾತ. ಆಮೇಲೆ ತಲೆ ಓಡಿಸಿದಳು. ಗೂಡಿನ ತಗಡಿನಿಂದ ಸುರಿಯುವ ಮಳೆನೀರಿಗೆ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಕಟ್ಟಿ, ನೀರನ್ನು ಅಂಗಳದ ಆಚೆ ಬೀಳಿಸಿದಳು. ಬಡಗಿಯ ಅಂಗಡಿಯಿಂದ ಮರದ ಪುಡಿ ತಂದು ಕೆಟ್ಟು, ಅದು ಗಂಜಿಯಾಗುತ್ತದೆಂದು ಕಲಿತು, ಮರ ಕೀಸಿದಾಗ ಬೀಳುವ ಸುರುಳಿ ಚಕ್ಕೆಯನ್ನೇ ಕೇಳಿ ತಂದಳು. ಅಂಗಳದ ಮೇಲ್ಮಣ್ಣನ್ನು ಗೇಣುದ್ದ ಬಗೆದು ತೆಗೆದು, ಅಡಿಗೆ ಇಟ್ಟಿಗೆ ಚೂರು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಮರಳು, ಕೊನೆಗೆ ಚಕ್ಕೆ ಹರಡಿದಳು. ಭಾನುವಾರ ಭಾನುವಾರ ಕುಂಟೆಯಿಂದ ಕೆದರಿ, ನೆನೆದದ್ದನ್ನು ತೆಗೆದು ಒಣದನ್ನು ಹಾಕುತ್ತಿದ್ದಳು. ಪಾಳಿ ಮುಗಿಸಿ ಬಂದು ಒಂದೊಂದೇ ಬುಟ್ಟಿ ಹೊತ್ತು ಇಷ್ಟನ್ನೂ ಮಾಡಿದಳು. ಪ್ರತಿ ಬುಟ್ಟಿ ಸುರಿಯುವಾಗಲೂ ಗೋಡೆಯ ಕಡೆ ನೋಡಿ ಒಂದೊಂದು ಶಾಪ ಹಾಕಿದಳು.

ಅಂಗಳದ ಮುಕ್ಕಾಲು ಭಾಗ ಚಾಪೆ ಹಾಸಿ ಮಲಗುವಷ್ಟು ಒಣಗಿತು. ಆ ಮೂಲೆಯೊಂದು ಮಾತ್ರ ಮಣಿಯಲಿಲ್ಲ. ಚಕ್ಕೆ ಹಾಕಿದ ಮೂರನೇ ದಿನ ಕಪ್ಪು ಕಲೆ ಮೂಡುತ್ತಿತ್ತು, ಐದನೇ ದಿನ ಪಿಚಿಪಿಚಿ.

ಗಂಡನ ಚಿಕ್ಕಪ್ಪ, ಗಾರೆ ಕೆಲಸ ಮಾಡಿ ಮುದಿಯಾದ ಮೇಸ್ತ್ರಿ, ಒಂದು ಸಲ ಬಂದವರು ಆ ಮೂಲೆಯಲ್ಲಿ ಕೋಲು ಚುಚ್ಚಿ ನೋಡಿ, "ಇದು ಆಚೆಯಿಂದ ಹರಿದು ಬಂದ ನೀರಿನ ಹಾಗಿಲ್ಲಮ್ಮ. ಕೆಳಗಿಂದ ಏಳ್ತಿದೆ," ಎಂದರು.

"ಏಳದೆ ಏನ್ಮಾಡುತ್ತೆ ಮಾವ? ಅವಳ ಕಡೆ ಅಷ್ಟು ಒತ್ತಿದ್ರೆ ಇಲ್ಲಿ ಏಳಲೇಬೇಕು," ಎಂದಳು. ಮೇಸ್ತ್ರಿ ಮಾವ ಅವಳ ಮುಖ ನೋಡಿ, ಕೊಟ್ಟ ಕಾಫಿ ಕುಡಿದು ಎದ್ದುಹೋದರು.

ಮೂರನೇ ವರ್ಷ ಮೇಟ್ರನ್ ಕುಂಟತೊಡಗಿತು. ಒದ್ದೆಯಲ್ಲಿ ನಿಂತು ನಿಂತು ಪಾದದಡಿ ಗಾಯವಾಗಿ, ಕೀವು ತುಂಬಿ, ಗೋಲಿಯಷ್ಟು ಗಂಟಾಗಿತ್ತು. ಲಾಂಡ್ರಿಯಮ್ಮ ಬಿಸಿನೀರಿನಲ್ಲಿ ಅದರ ಕಾಲು ನೆನೆಸಿ, ಬಟ್ಟೆ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಡುಗೆಮನೆಯಲ್ಲಿ ಹತ್ತು ದಿನ ನೋಡಿಕೊಂಡಳು. ಹನ್ನೊಂದನೇ ದಿನ ಪಾಳಿಯಿಂದ ಬರುವಷ್ಟರಲ್ಲಿ ಅದು ಕತ್ತು ಚಾಚಿ ಬಿದ್ದಿತ್ತು. ಅವಳು ಅತ್ತಳು. ಅತ್ತೆ ಮಾವ ಹೋದಾಗಲೂ ಹಾಗೆ ಅತ್ತಿರಲಿಲ್ಲ ಎಂದು ಗಂಡನಿಗೆ ಅನ್ನಿಸಿತು, ಹೇಳಲಿಲ್ಲ. ಏನೋ ಹೇಳಲು ಬಾಯಿ ತೆರೆದ, ಮುಚ್ಚಿಕೊಂಡ.

"ನನ್ನ ಹೊಟ್ಟೆ ಉರಿಸಿದಾಳಲ್ಲ, ಅವಳ ಹೊಟ್ಟೆಯೂ ಉರೀಬೇಕು. ಬಿಡಲ್ಲ," ಎಂದಳು ಅವಳು, ಮೂಗು ಒರೆಸಿಕೊಂಡು.

ಓರಗಿತ್ತಿಯ ಹೊಟ್ಟೆ ಎಲ್ಲಿ ಉರಿಯುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಸೀಬೆಮರ. ತವರಿನ ಹಿತ್ತಲಿನಿಂದ ಎಣ್ಣೆ ಡಬ್ಬದಲ್ಲಿ ಸಸಿಯಾಗಿ ಬಂದದ್ದು. ತವರಿನಲ್ಲಿ ಈಗ ತಾಯಿಯೂ ಇಲ್ಲ, ಮನೆಯೂ ಇಲ್ಲ; ಮನೆಯಿದ್ದ ಜಾಗದಲ್ಲಿ ಗೋದಾಮು. ಓರಗಿತ್ತಿ ಬೆಳಿಗ್ಗೆ ಎದ್ದರೆ ಮೊದಲು ಆ ಮರಕ್ಕೆ ಒಂದು ಚೊಂಬು ನೀರು ಹಾಕಿ, ಕಾಂಡ ಸವರಿ, ಆಮೇಲೆ ಒಲೆ ಹಚ್ಚುತ್ತಿದ್ದಳು. ಒಟ್ಟಿಗಿದ್ದ ಕಾಲದಲ್ಲಿ ಲಾಂಡ್ರಿಯಮ್ಮನೇ ಅದನ್ನು ನೋಡಿ, "ಅಕ್ಕ, ಮರವನ್ನೇ ಮಗು ಮಾಡ್ಕೊಂಡ್ರಲ್ಲ," ಎಂದು ನಗೆಯಾಡಿದ್ದಳು.

ಮರದ ಬೇರುಗಳು ಗೋಡೆಯಡಿ ನುಗ್ಗಿ ಈಚೆ ಬಂದಿದ್ದವು. ಗೋಡೆಗುಂಟ ಕಾಲುವೆ ತೋಡುವ ನೆಪದಲ್ಲಿ ಲಾಂಡ್ರಿಯಮ್ಮ ಅವನ್ನು ಹುಡುಕಿ ಹುಡುಕಿ ಕಡಿದಳು. ಕಡಿದ ಬಾಯಿಗಳಿಗೆ, ಲಾಂಡ್ರಿಯಿಂದ ತಂದ ಬ್ಲೀಚಿಂಗ್ ಪುಡಿಯನ್ನು ಗಟ್ಟಿಯಾಗಿ ಕದಡಿ, ದಿನಕ್ಕೊಂದು ಬಕೆಟ್ಟಿನಂತೆ ಇಪ್ಪತ್ತು ದಿನ ಕುಡಿಸಿದಳು. ತಿಂಗಳಲ್ಲಿ ಎಲೆ ಸುಟ್ಟವು. ಮೂರು ತಿಂಗಳಲ್ಲಿ ಮರ ಸೌದೆಯಾಯಿತು. ಗೋಡೆಯಾಚೆಯಿಂದ ಗರಗಸದ ಸದ್ದೂ ಅದರ ನಡುವೆ ಓರಗಿತ್ತಿ ಮೂಗೆಳೆದುಕೊಳ್ಳುವ ಸದ್ದೂ ಬಂದ ದಿನ ಲಾಂಡ್ರಿಯಮ್ಮನ ಹೊಟ್ಟೆ ತಣ್ಣಗಾಯಿತು. ಆ ದಿನ ಕೋಳಿಗಳಿಗೆ ಒಂದು ಹಿಡಿ ಕಾಳು ಜಾಸ್ತಿ ಹಾಕಿದಳು.

ಆದರೆ ಕೆಸರು ಹೋಗಲಿಲ್ಲ. ನಾಲ್ಕನೇ ವರ್ಷ ಡಾಕ್ಟರಮ್ಮನೂ ಕುಂಟಿದಾಗ ಅವಳು ನಿರ್ಧರಿಸಿದಳು: ಇನ್ನು ಗುಟ್ಟಿನ ಸೇಡು ಸಾಲದು, ನಾಲ್ಕು ಜನರೆದುರು ಆ ತೂತು ಮುಚ್ಚಿಸಬೇಕು, ಮೂಗು ಮಣ್ಣಿಗೆ ಉಜ್ಜಿಸಬೇಕು. ದಾರಿ ಹೊಳೆದದ್ದು ನೆಲಮಾಳಿಗೆಯಲ್ಲಿ, ನೀಲಿಯ ಸೀಸೆ ಕೈಯಲ್ಲಿದ್ದಾಗ. ಓರಗಿತ್ತಿಯ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಸೀಸೆ ನೀಲಿ ಸುರಿದರೆ, ಅದು ಕೆಸರಿನ ಮೂಲೆಯಲ್ಲಿ ಏಳಲೇಬೇಕು. ನೀಲಿ ಸುಳ್ಳು ಹೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೇಸ್ತ್ರಿ ಮಾವ ಬಂದರು, ಪಕ್ಕದ ಮನೆಯ ಟೀಚರಮ್ಮ ಬಂದಳು, ಹಾಲಿನವಳು ಕ್ಯಾನು ಹಿಡಿದೇ ನಿಂತಳು. ಗಂಡ ಮಾತ್ರ ಬೆಳಗಿನಿಂದ ಅವಳ ಹಿಂದೆ ಹಿಂದೆ ಸುತ್ತುತ್ತಿದ್ದ.

"ಬೇಡ ಕಣೇ. ನೀಲಿ ಗೀಲಿ ಯಾಕೆ? ನಾನೇ ಆ ಮೂಲೆ ಅಗೆದು ಸರಿ ಮಾಡ್ತೀನಿ."

"ನಾಲ್ಕು ವರ್ಷ ಇಲ್ಲದ್ದು ಇವತ್ತು ಅಗೀತೀರಾ? ಹೋಗಿ ಸ್ನಾನ ಮಾಡಿ. ಜನ ಬಂದಿದಾರೆ, ಮುಖ ನೋಡಿ ಹೇಗಿದೆ."

ಅವನು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಆ ಮನೆಯಲ್ಲಿ ಗಂಡಸು ಅವಿತುಕೊಳ್ಳಲು ಚಿಲಕವಿರುವ ಜಾಗ ಅದೊಂದೇ ಇತ್ತು.

ಓರಗಿತ್ತಿಯೂ ಕರೆದ ತಕ್ಷಣ ಬಂದಳು. ಏಳು ವರ್ಷದಲ್ಲಿ ಮೊದಲ ಸಲ ಈ ಹಿತ್ತಲಿಗೆ ಕಾಲಿಟ್ಟವಳು, ಒಣಗಿದ ಅಂಗಳ, ದೋಣಿ, ಚಕ್ಕೆ ಎಲ್ಲ ನೋಡಿ, "ಚೆನ್ನಾಗಿ ಮಾಡಿದೀಯ," ಎಂದಳು. ಆ ಮಾತು ಲಾಂಡ್ರಿಯಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ವೈರಿಯ ಬಾಯಲ್ಲಿ ಮೆಚ್ಚುಗೆ! ಎಂಥಾ ನಾಟಕ! ಸಿಟ್ಟು ನೆತ್ತಿಗೇರಿತು. ಆ ಭರದಲ್ಲೇ ಅವಳು ಜೀವಮಾನದ ತಪ್ಪು ಮಾಡಿದಳು.

"ಎಲ್ಲರೂ ಕೇಳಿ," ಎಂದಳು. "ಆಮೇಲೆ ನಾನು ಕದ್ದುಮುಚ್ಚಿ ಸೇಡು ತೀರಿಸ್ಕೊಂಡೆ ಅನ್ನಬಾರದು. ಇವಳ ಸೀಬೆಮರ ತಾನಾಗಿ ಸತ್ತದ್ದಲ್ಲ. ನಾನೇ ಒಣಗಿಸಿದ್ದು. ನನ್ನ ಮೇಟ್ರನ್ನ ಇವಳ ಕೊಳೆನೀರು ಕೊಂದಿತು, ಇವಳ ಮರವನ್ನ ನಾನು ಕೊಂದೆ. ಅದಕ್ಕೂ ಇದಕ್ಕೂ ಸರಿಹೋಯ್ತು. ಈಗ ಆ ತೂತಿನದೊಂದು ಬಾಕಿ."

ಹಾಲಿನವಳು ಬಾಯಿಗೆ ಸೆರಗು ಇಟ್ಟುಕೊಂಡಳು. ಓರಗಿತ್ತಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಬಹಳ ಮೆಲ್ಲಗೆ, "ನೀಲಿ ಹಾಕಿ ಮಾವ," ಎಂದಳು.

ಮೇಸ್ತ್ರಿ ಮಾವ ಸೀಸೆ ತಗೊಂಡು ಮೇಲಿನ ಹಿತ್ತಲಿಗೆ ಹೋದರು. ಒಗೆಯುವ ಕಲ್ಲಿನ ಪಕ್ಕದ ತೊಟ್ಟಿಗೆ ಅರ್ಧ ಸೀಸೆ ಕದಡಿ, ಉಳಿದರ್ಧವನ್ನು ನೆಲದ ಮೇಲೆ ಸುರಿದು, ಎರಡು ಬಕೆಟ್ ನೀರು ಹೊಯ್ದ ಸದ್ದು ಗೋಡೆಯೀಚೆಗೂ ಕೇಳಿಸಿತು. ಎಲ್ಲರೂ ಕೆಸರಿನ ಮೂಲೆಯನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಡಾಕ್ಟರಮ್ಮ ಬಂದು ಅಲ್ಲೊಂದು ಹುಳ ಹೆಕ್ಕಿ ಹೋಯಿತು. ಕೆಸರು ಕಪ್ಪಗೇ ಇತ್ತು. ಐದು ನಿಮಿಷವಾಯಿತು, ಹತ್ತಾಯಿತು.

"ಇಳಿಯೋಕೆ ಹೊತ್ತು ಬೇಕಲ್ಲ," ಎಂದಳು ಲಾಂಡ್ರಿಯಮ್ಮ.

ಅಷ್ಟರಲ್ಲಿ ಬೀದಿಯ ಕಡೆಯಿಂದ ಇಸ್ತ್ರಿ ಅಂಗಡಿಯವನ ಕೂಗು. "ಯಾರ್ರೀ ಅದು ಚರಂಡಿಗೆ ಬಣ್ಣ ಬಿಟ್ಟೋರು? ಮುಂದೆಲ್ಲ ನೀಲಿ ಹರೀತಿದೆ!"

ಮೇಸ್ತ್ರಿ ಮಾವ ಮೇಲಿನ ಹಿತ್ತಲಿನಿಂದ ಮರಳಿ ಬಂದರು. "ಅವಳ ಸಿಮೆಂಟಿಗೆ ವಾಟ, ಇಳಿಜಾರು, ಬೀದಿ ಕಡೆ ಇದೆಯಮ್ಮ. ಗೋಡೆಯಿಂದ ದೂರಕ್ಕೆ. ಒಂದು ತೊಟ್ಟೂ ಈ ಕಡೆ ಬರಲ್ಲ," ಎಂದರು.

"ತಗ್ಗಿನ ಮನೆಗೆ ನೀರು ನುಗ್ಗಬಾರದು ಅಂತಲೇ ಹಾಗೆ ಹಾಕಿಸಿದ್ದು," ಎಂದಳು ಓರಗಿತ್ತಿ. ಅವಳ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ.

ಲಾಂಡ್ರಿಯಮ್ಮ ಇಂಗು ತಿಂದ ಮಂಗನಂತೆ ನಿಂತಳು. ಆಗ ಆ ಮೂಲೆ ಗುಳುಗುಳು ಎಂದಿತು. ಕೆಸರಿನ ನಡುವಿನಿಂದ ಒಂದು ಗುಳ್ಳೆ ಎದ್ದಿತು, ಅದರ ಹಿಂದೆ ಇನ್ನೊಂದು, ಆಮೇಲೆ ಬೆಳ್ಳನೆಯ ನೊರೆ. ನೊರೆಯ ಮೇಲೆ ನೊರೆ. ಅವಳು ಬಗ್ಗಿದಳು. ಮೂಸಿದಳು. ಸಾವಿರ ಹಾಸುಗಳ ನಾತ ಬೇರೆ ಬೇರೆ ಮಾಡಬಲ್ಲ ಮೂಗು ಅದು. ಬೇವಿನ ಸೋಪು. ಅಂಗಡಿಯಿಂದ ಅವಳೇ ತರುವ, ಗಂಡನ ಬೆನ್ನಿನ ಬೆವರುಸಾಲೆಗೆಂದು ಅವಳೇ ಆರಿಸಿದ ಸೋಪು. ಬಚ್ಚಲಿನಲ್ಲಿ ಅವನು ಚೊಂಬಿನ ಮೇಲೆ ಚೊಂಬು ನೀರು ಹೊಯ್ದುಕೊಳ್ಳುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಹೊರಗೆ ಬರಲು ಧೈರ್ಯವಿಲ್ಲದೆ, ಸ್ನಾನ ಮುಗಿದಿಲ್ಲವೆಂದು ತೋರಿಸಲು ಹೊಯ್ದುಕೊಳ್ಳುತ್ತಲೇ ಇದ್ದ.

ಹಾಲಿನವಳಿಗೆ ನಗು ತಡೆಯಲಾಗಲಿಲ್ಲ. ಟೀಚರಮ್ಮ ಅವಳ ಕೈಹಿಡಿದು ಎಳೆದುಕೊಂಡು ಹೊರಟಳು.

ಮೇಸ್ತ್ರಿ ಮಾವ ಬಚ್ಚಲ ಬಾಗಿಲು ಬಡಿದರು. ಟವೆಲ್ ಸುತ್ತಿಕೊಂಡು ಹೊರಬಂದವನು ನಿಂತಲ್ಲೇ ಎಲ್ಲ ಒಪ್ಪಿಕೊಂಡ. ಮನೆ ಪಾಲಾದಾಗ ಹೊಸ ಬಚ್ಚಲಿನ ಪೈಪನ್ನು ಬೀದಿಯವರೆಗೆ ಎಳೆಯಲು ಹೊರಟನಂತೆ. ಅರ್ಧ ದಾರಿಯಲ್ಲಿ ಬಂಡೆ ಅಡ್ಡ ಬಂತಂತೆ. ಅವಳು ಪಾಳಿಯಲ್ಲಿದ್ದಾಗ ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ, ಇಟ್ಟಿಗೆ ಚೂರು ತುಂಬಿ, ಪೈಪನ್ನು ಅದಕ್ಕೆ ತಿರುಗಿಸಿ, ಮೇಲೆ ಮಣ್ಣು ಮುಚ್ಚಿದನಂತೆ. ಮೂರು ವರ್ಷ ಇಂಗಿದ ಗುಂಡಿ ಆಮೇಲೆ ಕಟ್ಟಿಕೊಂಡಿತು.

"ಆಗ ಕೋಳಿ ಇರಲಿಲ್ಲವಲ್ಲೇ," ಎಂದ. "ಆಮೇಲೆ ಹೇಳೋಣ ಅಂದ್ಕೊಂಡೆ. ನೀನು ಅಷ್ಟೊತ್ತಿಗೆ ಅತ್ತಿಗೆ ಮೇಲೆ ಕೂಗಾಡ್ತಿದ್ದೆ. ಹೇಳಿದ್ರೆ ನನ್ನ ಮೇಲೆ ಬರುತ್ತೆ ಅಂತ..."

"ನಿಮ್ಮ ಸರದಿ ಆಮೇಲೆ," ಎಂದಳು ಲಾಂಡ್ರಿಯಮ್ಮ. ಆ ದನಿ ಕೇಳಿ ಅವನು ಮತ್ತೆ ಬಚ್ಚಲಿಗೆ ಹೋದ.

ಓರಗಿತ್ತಿ ಮಾತ್ರ ಕದಲಿರಲಿಲ್ಲ. "ಮರಕ್ಕೆ ಏನು ಹಾಕ್ದೆ?" ಎಂದಳು.

"ಬ್ಲೀಚಿಂಗ್ ಪುಡಿ."

"ಎಷ್ಟು ದಿನ?"

"ಇಪ್ಪತ್ತು."

"ಆ ಇಪ್ಪತ್ತು ದಿನವೂ ಬೆಳಿಗ್ಗೆ ನಾನು ಅದಕ್ಕೆ ನೀರು ಹಾಕ್ತಿದ್ದೆ," ಎಂದಳು ಓರಗಿತ್ತಿ. "ರೋಗ ಬಂದಿದೆ ಅಂದ್ಕೊಂಡು ದಿನಾ ಎರಡು ಚೊಂಬು ಹಾಕ್ತಿದ್ದೆ."

"ಅಕ್ಕಾ..." ಎಂದಳು ಲಾಂಡ್ರಿಯಮ್ಮ. ನಾಲ್ಕು ವರ್ಷದ ಮೇಲೆ ಆ ಪದ ಬಾಯಿಗೆ ಬಂದದ್ದು. ಅಕ್ಕ ತಿರುಗಿ ಹೊರಟುಹೋಗಿದ್ದಳು. ಮೇಸ್ತ್ರಿ ಮಾವ ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆಯೇ ಹೋದರು.

ಹಿತ್ತಲಿನಲ್ಲಿ ಲಾಂಡ್ರಿಯಮ್ಮ ಒಬ್ಬಳೇ ಉಳಿದಳು. ಹೊಟ್ಟೆಯಲ್ಲಿ ನಾಲ್ಕು ವರ್ಷ ಉರಿದ ಬೆಂಕಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ, ಕುಂಟೆ ಹಿಡಿದು ಒಣಗಿದ ಚಕ್ಕೆಯನ್ನೇ ಮತ್ತೆ ಮತ್ತೆ ಕೆದರಿದಳು. ಆಗ ಗೋಡೆ ಧಡ್ ಎಂದಿತು.

ಕೋಳಿಗಳು ಚದುರಿದವು. ಮತ್ತೆ ಧಡ್. ಆಚೆಯಿಂದ ಹಾರೆಯ ಏಟು, ಗೋಡೆಯ ಬುಡಕ್ಕೆ, ಸೀಬೆಮರವಿದ್ದ ಚೌಕದ ನೇರಕ್ಕೆ. ಗಾರೆ ಉದುರಿತು. ಒಂದು ಇಟ್ಟಿಗೆ ಅಲುಗಾಡಿ, ಜಾರಿ, ಲಾಂಡ್ರಿಯಮ್ಮನ ಕಾಲ ಬಳಿ ಬಿದ್ದಿತು. ತೂತಿನಲ್ಲಿ ಹಾರೆಯ ಮೊನೆ ಕಂಡಿತು. ಅದು ಹಿಂದಕ್ಕೆ ಹೋಯಿತು. ಏದುಸಿರು ಬಿಡುತ್ತಿದ್ದ ಓರಗಿತ್ತಿಯ ದನಿ ಕೇಳಿಸಿತು.

"ನಾಲ್ಕು ವರ್ಷ ಗೋಡೆಗೆ ತೂತು ಕೊರೆದವಳು ಅನ್ನಿಸಿಕೊಂಡೆ. ಈಗ ಕೊರೆದಿದೀನಿ. ಇಟ್ಕೊ."

ತೊಟ್ಟಿಯನ್ನು ಗೋಡೆಯವರೆಗೆ ಎಳೆದು, ತೂತಿನ ಬಾಯಿಗೇ ಮಗುಚಿದ ಸದ್ದಾಯಿತು. ಮೇಸ್ತ್ರಿ ಮಾವ ಕದಡಿ ಬಿಟ್ಟಿದ್ದ ನೀಲಿ ನೀರು ತೂತಿನಿಂದ ಭುಸ್ಸೆಂದು ನುಗ್ಗಿ, ಚಕ್ಕೆಯ ಮೇಲೆ, ಮರಳಿನ ಮೇಲೆ, ಬುಟ್ಟಿ ಬುಟ್ಟಿಯಾಗಿ ಹೊತ್ತು ಹಾಕಿದ್ದ ಅಷ್ಟರ ಮೇಲೂ ಹರಡಿತು. ಎಲ್ಲರೆದುರು ತೋರಿಸಬೇಕೆಂದಿದ್ದ ನೀಲಿ ಕೊನೆಗೂ ಬಂದಿತ್ತು. ನೋಡಲು ಯಾರೂ ಇರಲಿಲ್ಲ. ಡಾಕ್ಟರಮ್ಮನ ಕುಂಟು ಕಾಲು ನೀಲಿಯಾಯಿತು.

ಲಾಂಡ್ರಿಯಮ್ಮ ಬಿದ್ದ ಇಟ್ಟಿಗೆಯನ್ನು ಎತ್ತಿಕೊಂಡು ತೂತಿನ ಹತ್ತಿರ ಹೋದಳು. ಸರಿಯಾಗಿ ಕೂರುತ್ತಿತ್ತು, ಒಂದು ಒತ್ತು ಒತ್ತಿದರೆ ನೀರು ನಿಲ್ಲುತ್ತಿತ್ತು. ತೂತಿನಾಚೆ ಕೊಯ್ದ ಮರದ ಬುಡ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಖಾಲಿ ಚೊಂಬು.

ಇಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಕೋಳಿಗಳನ್ನು ಒಂದೊಂದಾಗಿ ಹಿಡಿದು ಗೂಡಿನ ಮೇಲಿನ ಹಲಗೆಗೆ ಏರಿಸಿದಳು. ಆಮೇಲೆ ಗುದ್ದಲಿ ತಗೊಂಡು, ತಾನೇ ಹಾಕಿದ ಮರಳನ್ನೂ ಜಲ್ಲಿಯನ್ನೂ ಕಡಿದು, ಅಕ್ಕನ ಮನೆಯ ನೀರಿಗೆ ದಾರಿ ಮಾಡತೊಡಗಿದಳು.